ಎತ್ತಿ ಕಟ್ಟಿದ ಎಂಜಿನ್

"ಬುದ್ಧಿ, ಸಂಸಾರದಿಂದ ಎಷ್ಟು ಮೇಲೆದ್ದರೆ ಸಾಕು?"

ಚೆನ್ನವೀರ ಕೇಳಿದ್ದು ಶಾಸ್ತ್ರದ ಪ್ರಶ್ನೆಯ ಹಾಗಿತ್ತು. ಅವನ ಕಿವಿ ಮಾತ್ರ ಮಠದ ಜಗಲಿಯ ಕಡೆಗಿತ್ತು. ಅಲ್ಲಿ ಅವನ ತಂಗಿ ಬೆಳಗಿನಿಂದ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಮರುದಿನ ಕೂಸಿಗೆ ಕಿವಿ ಚುಚ್ಚಬೇಕು. ಚುಚ್ಚುವಾಗ ಅದು ಸೋದರಮಾವನ ತೊಡೆಯ ಮೇಲಿರಬೇಕು. ಇರುವ ಸೋದರಮಾವ ಇವನೊಬ್ಬನೇ. ಕರೆಯಲು ಬಂದವಳಿಗೆ ಇವನು, ಸನ್ಯಾಸಿಯಾಗಲು ಹೊರಟವನಿಗೆ ತಂಗಿಯಿಲ್ಲ ಎಂದು ಒಳಗಿನಿಂದಲೇ ಹೇಳಿಕಳಿಸಿದ್ದ. ಆದರೂ ಅವಳು ಎದ್ದು ಹೋಗಿರಲಿಲ್ಲ.

ಗುರುಗಳು ಕತೆ ಹೇಳಿದರು.

ನದಿ ಕಡಲು ಸೇರುವ ಅಳಿವೆಯಲ್ಲಿ ಒಬ್ಬ ಅಂಬಿಗನಿದ್ದ. ಪಂದ್ಯಕ್ಕೆಂದೇ ಹಗುರ ದೋಣಿ ಮಾಡಿಸಿ, ಹಿಂಬದಿಯ ಹಲಗೆಗೆ ಎಂಜಿನ್ ಕಟ್ಟಿದ್ದ. ಎಂಜಿನ್ನಿನ ಉದ್ದನೆಯ ಕಾಲು ನೀರೊಳಗಿರುತ್ತದೆ. ಅದರ ತುದಿಯ ಫ್ಯಾನು ನೀರನ್ನು ಹಿಂದಕ್ಕೆ ತಳ್ಳಿದರೆ ದೋಣಿ ಮುಂದಕ್ಕೆ. ಆದರೆ ಕಾಲು ಆಳಕ್ಕಿದ್ದಷ್ಟೂ ನೀರು ಹಿಡಿದೆಳೆಯುತ್ತದೆ. ಅಂಬಿಗ ಬೋಲ್ಟು ಬಿಚ್ಚಿ, ಮೇಲೆ ಕೆಳಗೆ ಸಾಲಾಗಿದ್ದ ತೂತುಗಳಲ್ಲಿ ಎಂಜಿನ್ನನ್ನು ಒಂದು ತೂತು ಮೇಲಕ್ಕೆ ಕಟ್ಟಿದ. ದೋಣಿ ಚುರುಕಾಯಿತು. ಇನ್ನೊಂದು ತೂತು ಏರಿಸಿದ. ಇನ್ನೂ ಚುರುಕಾಯಿತು. ನೀರೇ ತನ್ನ ಶತ್ರು ಎಂದು ಅವನಿಗೆ ಖಾತ್ರಿಯಾಯಿತು. ಪಂದ್ಯದ ದಿನ ಎಲ್ಲಕ್ಕಿಂತ ಮೇಲಿನ ತೂತಿಗೆ ಬಿಗಿದ. ಓಡಿಸಿ ನೋಡಲೂ ಇಲ್ಲ.

ತಿರುವಿನಲ್ಲಿ ದೋಣಿ ವಾಲಿತು, ಫ್ಯಾನು ಗಾಳಿ ನುಂಗಿತು, ಎಂಜಿನ್ ಕಿರುಚಿತು. ಪುಣ್ಯಾತ್ಮ ಅದನ್ನೇ ವೇಗವೆಂದು ತಿಳಿದು ಹಿಗ್ಗಿದ. ಹಿಂದಿದ್ದವರೆಲ್ಲ ಮುಂದೆ ಹೋದರು. ಎಂಜಿನ್ನಿನ ಪಕ್ಕದಿಂದ ಸದಾ ಚಿಮ್ಮುವ ನೀರಿನ ಎಳೆ ನಿಂತುಹೋದದ್ದನ್ನು ಅವನು ನೋಡಲಿಲ್ಲ. ಸುಟ್ಟ ವಾಸನೆ ಬಂತು, ಎಂಜಿನ್ ನಿಂತಿತು. ಇಳಿತದ ನೀರು ದೋಣಿಯನ್ನು ಕಡಲಿನ ಕಡೆಗೆ ಎಳೆಯತೊಡಗಿದಾಗ ಅವನ ಜೀವ ಬಾಯಿಗೆ ಬಂತು.

ಜೊತೆಯ ಪಂದ್ಯಗಾರನೊಬ್ಬ ಗೆಲುವಿನ ಆಸೆ ಬಿಟ್ಟು ಹಿಂದಿರುಗಿ ಬಂದ, ಹಗ್ಗ ಎಸೆದು ದಡಕ್ಕೆ ಎಳೆದು ತಂದ.

"ಅಷ್ಟು ಸದ್ದು ಮಾಡಿತಲ್ಲ ಮಾರಾಯ, ಯಾಕೆ ಓಡಲಿಲ್ಲ?" ಎಂದ ಅಂಬಿಗ.

"ಗಾಳಿ ತಿರುಗಿಸಿದರೆ ಬರೋದು ಸದ್ದೇ. ಹಿಡಿದೆಳೆಯುವ ಆ ನೀರೇ ಎಂಜಿನ್ನಿನ ಒಳಗೆ ಹೋಗಿ ಅದನ್ನು ತಣ್ಣಗಿಟ್ಟು ಪಕ್ಕದಿಂದ ಚಿಮ್ಮೋದು. ಅದನ್ನೂ ಬಿಟ್ಟರೆ ಸುಡದೆ ಇರ್ತದಾ?"

ಎಂಜಿನ್ ತಣ್ಣಗಾದ ಮೇಲೆ ಇಬ್ಬರೂ ಸೇರಿ ಅದನ್ನು ಒಂದು ತೂತು ಇಳಿಸಿದರು, ತಿರುವಿನಲ್ಲಿ ಓಡಿಸಿ ನೋಡಿದರು, ಇನ್ನೊಂದು ಇಳಿಸಿದರು. ಫ್ಯಾನು ನೀರು ಕಚ್ಚಿತು. ಪಕ್ಕದಿಂದ ನೀರಿನ ಎಳೆ ಮತ್ತೆ ಚಿಮ್ಮಿತು. ಅದಕ್ಕೆ ಅಂಗೈ ಒಡ್ಡಿದಾಗ ಅಂಬಿಗನಿಗೆ ಹೋದ ಜೀವ ಬಂದಂತಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವಾಯಿತು. ಆದರೂ ಶಿಷ್ಯನಲ್ಲವೇ, ಅಳತೆ ಕೇಳದೆ ಬಿಡಲಿಲ್ಲ.

"ಹಾಗಾದರೆ ನಾನು ಎಷ್ಟು ಇಳಿಯಲಿ, ಬುದ್ಧಿ?"

ಜಗಲಿಯಲ್ಲಿ ಕೂಸು ಅತ್ತಿತು.

"ಅದಕ್ಕೆ ನಿನ್ನ ತೊಡೆ ಸಿಗುವಷ್ಟು," ಎಂದರು ಗುರುಗಳು.

ಚೆನ್ನವೀರ ಎದ್ದು ಜಗಲಿಯ ಕಡೆಗೆ ನಡೆದ.