ಹಿಟ್ಟಿನಂಥ ಹೊಲ

“ಗುರುಗಳೇ, ತಂಗಿಯ ಮಗಳನ್ನು ಅವಳ ಊರಿಗೆ ವಾಪಸು ಕಳುಹಿಸಿಬಿಡಲೇ?” ಎಂದು ಮುರಿಗೆಮ್ಮ ಕೇಳಿದಳು. “ಓದು ಕಲಿಸಬೇಕೆಂದು ಆಸೆಯಿಂದ ಕರೆತಂದೆ. ಅಕ್ಷರ ತಪ್ಪಿದಲ್ಲೇ ತಡೆದು ತಿದ್ದುತ್ತೇನೆ, ಒಂದನ್ನೂ ಬಿಡುವುದಿಲ್ಲ. ಈಗ ಪುಸ್ತಕ ಹಿಡಿದರೆ ಮಗು ಬಾಯಿಯನ್ನೇ ತೆರೆಯುವುದಿಲ್ಲ. ಅವಳ ಅಪ್ಪನ ಮನೆತನಕ್ಕೆ ವಿದ್ಯೆ ಹತ್ತದಿರಲೆಂದು ಹಿಂದೆ ಯಾರೋ ಶಪಿಸಿದ್ದರಂತೆ.”

ಗುರುಗಳು ಕುಳಿತುಕೊಳ್ಳುವಂತೆ ಕೈ ತೋರಿಸಿ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೊಂದು ಕೆಂಪು ಮಣ್ಣಿನ ಹೊಲವಿತ್ತು. ಅದರ ಮೇಲೆ ಅವನಿಗೆ ಎಲ್ಲಿಲ್ಲದ ಮಮತೆ. ಉತ್ತ, ಮತ್ತೆ ಉತ್ತ. ಅದೂ ಸಾಲದೆಂದು ಮರದ ಕೊಡತಿ ಹಿಡಿದು ಮಣ್ಣಿನ ಹೆಂಟೆಗಳನ್ನೆಲ್ಲ ಕುಟ್ಟಿ ಹುಡಿ ಮಾಡಿದ. ಬುತ್ತಿ ತಂದ ಹೆಂಡತಿ ನೋಡಿ, “ಇಲ್ಲಿ ಬಿತ್ತುತ್ತೀರೋ, ರೊಟ್ಟಿ ತಟ್ಟುತ್ತೀರೋ?” ಎಂದಳು.

“ನನ್ನ ಬೀಜಕ್ಕೆ ಒಂದು ಹರಳೂ ಒತ್ತಬಾರದು ಕಣೇ” ಎಂದ ರೈತ.

ಮುರಿಗೆಮ್ಮನಿಗೆ ಆ ರೈತ ಹಿಡಿಸಿದ. ತಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೆಂದುಕೊಂಡಳು.

ರೈತ ಸಜ್ಜೆ ಬಿತ್ತಿದ. ಜೋರು ಮಳೆ ಬಂತು. ಅದರ ಹಿಂದೆಯೇ ಬಿಸಿಲು ಕಾಯಿತು. ಪಕ್ಕದವನ ಹೊಲದಲ್ಲಿ ಹೆಂಟೆಗಳ ಸಂದಿನಿಂದ ಹಸಿರು ಎದ್ದಿತು. ಇವನ ಹೊಲದಲ್ಲಿ ಒಂದು ಕುಡಿಯೂ ಕಾಣಲಿಲ್ಲ. ಹಿಂದೊಮ್ಮೆ ಜೋಗಿಯೊಬ್ಬ ಆ ಬದುವಿನಲ್ಲಿ ನೀರು ಕೇಳಿ, ಸಿಗದೆ, ಶಾಪ ಹಾಕಿ ಹೋಗಿದ್ದನೆಂದು ಊರವರು ಹೇಳಿದರು. ರೈತ ನಂಬಿದ. ಹೊಲವನ್ನು ಬೀಳು ಬಿಡುವುದೆಂದು ನಿಶ್ಚಯಿಸಿದ.

“ಆ ಜೋಗಿಯನ್ನು ಕಂಡವರು ಯಾರು?” ಎಂದು ಹೆಂಡತಿ ವಿಚಾರಿಸಿದಳು. ಕಂಡವರು ಸಿಗಲಿಲ್ಲ. ಆಕೆ ಹೊಲಕ್ಕೆ ಹೋಗಿ, ಕುಳಿತು, ನೆಲ ಕೆದಕಿದಳು. ನುಣುಪು ಮಣ್ಣು ಮಳೆಗೆ ಕೆಸರಾಗಿ, ಬಿಸಿಲಿಗೆ ಒಣಗಿ, ಹಂಚಿನಂತೆ ಗಟ್ಟಿಯಾಗಿತ್ತು. ಚಕ್ಕೆಯೊಂದನ್ನು ಎಬ್ಬಿಸಿದಳು. ಅದರ ಅಡಿಯಲ್ಲಿ ಬೆಳ್ಳಗಿನ ಮೊಳಕೆಯೊಂದು ಮೇಲೇಳಲಾಗದೆ, ಕೊಂಡಿಯಂತೆ ಬಾಗಿ, ಇನ್ನೂ ಜೀವ ಹಿಡಿದುಕೊಂಡಿತ್ತು.

ಕೊಡತಿ ಹಿಡಿದೇ ಹಿಂದೆ ಬಂದಿದ್ದ ರೈತ ಬಗ್ಗಿ ನೋಡಿದ. “ಇದಕ್ಕೆ ನಾನು ಏನು ಕಡಿಮೆ ಮಾಡಿದ್ದೆ, ಹೇಳೇ?”

“ಕಡಿಮೆಯೇನೂ ಮಾಡಲಿಲ್ಲ ನೀವು” ಎಂದು ಆಕೆ ಅವನ ಕೈಯಿಂದ ಕೊಡತಿಯನ್ನು ಮೆಲ್ಲನೆ ಬಿಡಿಸಿಕೊಂಡಳು.

ಇಬ್ಬರೂ ನೀರು ಚಿಮುಕಿಸಿ ನೆಲ ನೆನೆಸಿದರು. ಮುಳ್ಳಿನ ಕೊಂಬೆಯನ್ನು ಹಗುರಾಗಿ ಎಳೆದು ಮೇಲಿನ ಪದರವನ್ನು ಸಡಿಲಿಸಿದರು. ಉಳಿದಿದ್ದ ಮೊಳಕೆಗಳು ತಲೆ ಎತ್ತಿದವು. ಮರುವರ್ಷ ರೈತ ಕೊಟ್ಟಿಗೆ ಗೊಬ್ಬರ ಬೆರೆಸಿ ಉತ್ತ. ನೆಲ್ಲಿಕಾಯಿ ಗಾತ್ರದ ಹೆಂಟೆಗಳನ್ನು ಇದ್ದಲ್ಲೇ ಬಿಟ್ಟ. ಹಾಗೆ ಬಿಡುವುದು ಅವನಿಗೆ ಉಳುವುದಕ್ಕಿಂತ ಕಷ್ಟವಾಯಿತು.

ಗುರುಗಳು ನಿಲ್ಲಿಸಿದರು. ಮುರಿಗೆಮ್ಮ ಸೆರಗಿನ ಅಂಚನ್ನು ನೇವರಿಸುತ್ತ, “ಹಾಗೆಂದು ತಪ್ಪನ್ನು ತಿದ್ದದೆ ಬಿಡಲಾದೀತೇ, ಗುರುಗಳೇ?” ಎಂದಳು.

“ತಿದ್ದಬೇಕು, ತಾಯಿ, ಆದರೆ ಆ ಮಗು ತಪ್ಪುತಪ್ಪಾಗಿಯೇ ಓದಿದ ಒಂದು ಪುಟವನ್ನು ನೀನು ಎಂದಾದರೂ ಕೊನೆಯವರೆಗೆ ಕೇಳಿಸಿಕೊಂಡಿದ್ದೀಯಾ?”