ಕೋರೆಹಲ್ಲು ಎತ್ತರವಾದದ್ದು

ಪುಟ್ಟಗೌರಮ್ಮನವರು ದಿನಾ ಬೆಳಿಗ್ಗೆ ತಳ ಹತ್ತಿದ ಪಾತ್ರೆ ತಿಕ್ಕಿದ ಹಾಗೆ ಹಲ್ಲು ತಿಕ್ಕುತ್ತಿದ್ದರು. ಬರಬರುತ್ತಾ ಮೇಲಿನ ಕೋರೆಹಲ್ಲಿನ ವಸಡು ಸವೆದು ಮೇಲಕ್ಕೆ ಸರಿಯಿತು. ಕೋರೆಹಲ್ಲು ಹಿಗ್ಗಿತು: “ನೋಡಿರಯ್ಯಾ, ಈ ವಯಸ್ಸಿನಲ್ಲೂ ನಾನು ಬೆಳೆಯುತ್ತಿದ್ದೇನೆ!”

“ನೀನು ಬೆಳೆದಿಲ್ಲಪ್ಪ, ನಾನು ಸವೆದಿದ್ದೇನೆ,” ಎಂದಿತು ವಸಡು.

“ನಿನಗೆ ಹೊಟ್ಟೆಕಿಚ್ಚು,” ಎಂದಿತು ಹಲ್ಲು.

ಒಂದು ಮಧ್ಯಾಹ್ನ ಪುಟ್ಟಗೌರಮ್ಮನವರು ತಣ್ಣನೆಯ ಮಜ್ಜಿಗೆ ಕುಡಿದರು. ಹೊರಗೆ ಕಾಣುತ್ತಿದ್ದ ಬೇರಿಗೆ ಅದು ತಾಗಿದ್ದೇ ತಡ, ಹಲ್ಲು ಜುಮ್ಮೆಂದು ಚೀರಿತು. ದಂತವೈದ್ಯೆ ನೋಡಿ, “ಹೀಗೇ ಬಿಟ್ಟರೆ ಹಲ್ಲು ಅಲ್ಲಾಡುತ್ತೆ ಅಮ್ಮಾ. ಅಂಗುಳಿನಿಂದ ಒಂದು ಚೂರು ಚರ್ಮ ತೆಗೆದು ವಸಡಿಗೆ ಹೊಲಿಯೋಣ,” ಎಂದರು.

ನಾಲಿಗೆ ಅಂಗುಳನ್ನು ಕೇಳಿತು: “ಆ ಜಂಬದ ಹಲ್ಲು ಒಂದು ದಿನವೂ ನಿನ್ನನ್ನು ಮಾತಾಡಿಸಿದ್ದಿಲ್ಲ. ಯಾಕೆ ಕೊಡುತ್ತೀ?”

“ನನ್ನ ಗಾಯ ಮಾಯುತ್ತದೆ. ಹಲ್ಲು ಬಿದ್ದರೆ ಮತ್ತೆ ಹುಟ್ಟುವುದಿಲ್ಲ,” ಎಂದಿತು ಅಂಗುಳು.

ಹೊಲಿಗೆ ಬಿಚ್ಚಿದ ದಿನ ಪಕ್ಕದ ಹಲ್ಲು ನಕ್ಕಿತು: “ಏನಯ್ಯಾ, ಮತ್ತೆ ಕುಳ್ಳಗಾದೆಯಾ?”

ಕೋರೆಹಲ್ಲು ಹೊಸ ವಸಡಿಗೆ ಒರಗಿಕೊಂಡು ಮೆಲ್ಲಗೆ ಹೇಳಿತು: “ಎತ್ತರವಾಗಿದ್ದೇನೆ ಅಂದುಕೊಂಡಿದ್ದೆ. ಬೆತ್ತಲಾಗಿದ್ದೆ, ಅಷ್ಟೇ.”