ಬೆನ್ನು ಹಾಕಿ ಕೂತ ಕೋಚ್

ಹೊಳೆಯ ದಡದ ಮರಳು ಮೈದಾನದಲ್ಲಿ ಚೆಂಡು ಒದ್ದು ಬೆಳೆದ ಸುಕೇಶ ಕರ್ಕೇರ, ಮುಂದೆ ಕೋಲ್ಕತ್ತಾದಲ್ಲೂ ಗೋವೆಯಲ್ಲೂ ದೊಡ್ಡ ಕ್ಲಬ್ಬುಗಳಿಗೆ ಸಂಬಳಕ್ಕೆ ಆಡಿದ. ಅವನ ಜಾಗ ಮೈದಾನದ ನಡುಮಧ್ಯ. ಉಳಿದವರಿಗೆ ಬರೀ ಕಾಲುಗಳ ಕಾಡು ಕಾಣುವಲ್ಲಿ ಅವನಿಗೆ ದಾರಿ ಕಾಣುತ್ತಿತ್ತು.

ಒಂದು ದಿನ ಮೊಣಕಾಲು ಕೈಕೊಟ್ಟಿತು. ಒಮ್ಮೆ ಕೊಯ್ದರು, ಮತ್ತೊಮ್ಮೆ ಕೊಯ್ದರು. ಕೊನೆಗೆ ಡಾಕ್ಟರು, "ನಡೆಯಲಿಕ್ಕೆ ಇಷ್ಟು ಸಾಕು, ಓಡಲಿಕ್ಕೆ ಸಾಲದು" ಎಂದರು.

ಸುಕೇಶ ಊರಿಗೆ ಬಂದ. ಹೊಳೆಬದಿಯ ತಂಡದವರು ಹಾರ ಹಾಕಿ ಅವನನ್ನು ಕೋಚ್ ಮಾಡಿಕೊಂಡರು.

ಆ ವರ್ಷ ತಂಡ ಸೋತಷ್ಟು ಹಿಂದೆಂದೂ ಸೋತಿರಲಿಲ್ಲ.

ಸುಕೇಶ ಕಲಿಸದೆ ಬಿಟ್ಟದ್ದು ಏನೂ ಇರಲಿಲ್ಲ. ಮೈದಾನದ ಗೆರೆಯ ಪಕ್ಕ ಓಡಾಡುತ್ತಾ ಆಟದುದ್ದಕ್ಕೂ ಹೇಳುತ್ತಿದ್ದ. ಎಡಕ್ಕೆ ಕೊಡು, ಹಿಂದೆ ಬಾ, ಈಗ ಬಿಡು, ಈಗ ಬೇಡ. ಅಭ್ಯಾಸದಲ್ಲಂತೂ ಸೀಟಿ ಊದಿ ಊದಿ ಆಟ ನಿಲ್ಲಿಸುತ್ತಿದ್ದ. ಮನೆಗೆ ಹೋಗುವಾಗ ಗಂಟಲು ಕೆಟ್ಟಿರುತ್ತಿತ್ತು.

ಅವನ ಹಳೆಯ ಜಾಗದಲ್ಲಿ ಈಗ ಆಡುತ್ತಿದ್ದವನು ಇರ್ಷಾದ್. ತಂಡದಲ್ಲಿ ಎಲ್ಲರಿಗಿಂತ ಚುರುಕು ಕಾಲು ಅವನದೇ. ಒಂದು ಸಂಜೆ ಸುಕೇಶ ಮತ್ತೆ ಸೀಟಿ ಊದಿ ಅವನ ಎದುರು ಹೋಗಿ ನಿಂತ.

"ಬಲಗಡೆ ಅಷ್ಟು ಜಾಗ ಉಂಟಲ್ಲ, ನಿನಗೆ ಕಣ್ಣಿಲ್ವಾ?"

ಇರ್ಷಾದ್ ತಂಡದ ಅಂಗಿ ಕಳಚಿ, ಮಡಚಿ, ಗೆರೆಯ ಮೇಲೆ ಇಟ್ಟ.

"ಕಣ್ಣುಂಟು ಸರ್. ಅದನ್ನು ನೀವು ತೆಗೆದಿಟ್ಕೊಂಡಿದ್ದೀರಿ."

ಅಷ್ಟು ಹೇಳಿ ಮನೆಗೆ ಹೋದವನು ಮರುದಿನ ಬರಲಿಲ್ಲ. ಲೀಗಿನಲ್ಲಿ ಉಳಿದದ್ದು ಒಂದೇ ಪಂದ್ಯ. ಸೋತರೆ ತಂಡ ಕೆಳಗಿನ ಡಿವಿಜನ್ನಿಗೆ ಇಳಿಯುತ್ತದೆ.

ಸುಕೇಶ ಹಸನಬ್ಬ ಮಾಸ್ಟ್ರ ಮನೆಗೆ ಹೋದ. ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದ ಹಸನಬ್ಬರೇ ಅವನಿಗೆ ಆಟ ಕಲಿಸಿದವರು. ಈಗ ವಯಸ್ಸಾಗಿತ್ತು. ಹೊಳೆಗೆ ಗಾಳ ಇಳಿಬಿಟ್ಟು ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು.

"ಸಾಕಾಗಿ ಹೋಯ್ತು ಮಾಸ್ಟ್ರೇ," ಎಂದ ಸುಕೇಶ. "ಗೋಡೆಗೆ ಹೇಳಿದ್ರೆ ಗೋಡೆಯಾದ್ರೂ ಕೇಳ್ತಿತ್ತು. ಇವರು ಹೇಳಿದ್ದು ಕೇಳುದಿಲ್ಲ."

"ಕೇಳುದಿಲ್ವಾ?"

"ಒಂದೂ ಕೇಳುದಿಲ್ಲ."

ಮಾಸ್ಟ್ರು ಗಾಳ ಎಳೆದು ನೋಡಿದರು. ಮೀನು ಎರೆ ತಿಂದು ಹೋಗಿತ್ತು.

"ನಾಳೆ ಬರ್ತೇನೆ," ಎಂದರು.

ಮರುದಿನ ಬಂದು ಮರದ ನೆರಳಿಗೆ ನಿಂತು ನೋಡಿದರು. ಸುಕೇಶ ಕೂಗಿದ, ಸೀಟಿ ಊದಿದ, ಆಟ ನಿಲ್ಲಿಸಿದ, ಮತ್ತೆ ಕೂಗಿದ. ಬೆವರು ಒರೆಸಿಕೊಳ್ಳುತ್ತಾ ಮಾಸ್ಟ್ರ ಬಳಿ ಬಂದ.

"ನೋಡಿದ್ರಲ್ಲ. ಈಗ ಹೇಳಿ, ಎಂತ ಮಾಡುದು?"

"ಒಂದು ಕುರ್ಚಿ ತರ್ಸು."

ಕುರ್ಚಿ ಬಂತು. ಮಾಸ್ಟ್ರು ಅದನ್ನು ಹೊಳೆಯ ಕಡೆ ತಿರುಗಿಸಿ ಇಟ್ಟರು. ಸುಕೇಶ ಅವರಿಗೆಂದು ತರಿಸಿದ ಕುರ್ಚಿಯಲ್ಲಿ ಅವರು ಅವನನ್ನೇ ಕೂರಿಸಿದರು.

"ಮೈದಾನ ಹಿಂದೆ ಉಂಟು ಮಾಸ್ಟ್ರೇ."

"ಗೊತ್ತುಂಟು. ಅವರು ಆಡಲಿ. ನೀನು ತಿರುಗಬೇಡ. ಎಂತ ಕೇಳ್ತದೆ ಅಂತ ಮಾತ್ರ ಹೇಳು."

ಸುಕೇಶ ಕೂತ. ಇಷ್ಟು ವರ್ಷ ಆಡಿದವನನ್ನು ಶಾಲೆಯ ಹುಡುಗನ ಹಾಗೆ ಕೂರಿಸಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಆದರೂ ಕಿವಿಗೊಟ್ಟ. ಚೆಂಡಿನ ಸದ್ದು ಬಂತು. ಓಡುವ ಕಾಲುಗಳ ಸದ್ದು, ಏದುಸಿರು. ಆಚೆ ದಡದಿಂದ ದೋಣಿಯ ಎಂಜಿನ್ ಸದ್ದು ಸಹ ಕೇಳಿಸಿತು.

ಬಹಳ ಹೊತ್ತಿನ ಮೇಲೆ ಅವನಿಗೆ ಏನೋ ವಿಚಿತ್ರ ಎನಿಸಿತು.

"ಮಾಸ್ಟ್ರೇ, ಯಾರೂ ಮಾತಾಡುದಿಲ್ಲ."

"ಹೌದಾ?"

"ಆಡುವಾಗ ಒಬ್ಬರಿಗೊಬ್ಬರು ಕೂಗಿ ಹೇಳ್ಬೇಕಲ್ಲ. ಹಿಂದೆ ಆಳು ಬಂದ, ನನಗೆ ಕೊಡು, ಬಿಡು ಅಂತ. ಹೆಣ ಹೊತ್ತವರ ಹಾಗೆ ಸುಮ್ಮನೆ ಓಡ್ತಾ ಇದ್ದಾರೆ. ಯಾಕೆ?"

"ನನಗೆಂತ ಗೊತ್ತು? ನಾಳೆಯೂ ಕೂತ್ಕೋ."

"ಪಂದ್ಯ ಹತ್ತಿರ ಬಂತು ಮಾಸ್ಟ್ರೇ. ಕಲಿಸುದು ಯಾವಾಗ?"

ಮಾಸ್ಟ್ರು ಟೊಪ್ಪಿ ಸರಿಮಾಡಿಕೊಂಡು ಮನೆಗೆ ಹೊರಟೇಬಿಟ್ಟರು.

ಮರುದಿನವೂ ಸುಕೇಶ ಹೊಳೆಗೆ ಮುಖ ಮಾಡಿ ಕೂತ. ಬೆನ್ನ ಹಿಂದೆ ಆಟ ಸಾಗಿತ್ತು. ಯಾರೋ ಚೆಂಡನ್ನು ಕಾಲ್ಬೆರಳ ತುದಿಯಲ್ಲಿ ಒದ್ದ ಸದ್ದು ಕೇಳಿತು. ಆ ಸದ್ದು ಅವನಿಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ತಡೆಯಲಾಗಲಿಲ್ಲ.

"ತುದಿಯಲ್ಲಿ ಒದೆಯಬೇಡ, ಎಷ್ಟು ಸಲ ಹೇಳುದು?"

ಮೈದಾನದಲ್ಲಿ ಸದ್ದಡಗಿತು. ಚೆಂಡೊಂದೇ ಉರುಳುತ್ತಾ ಹೋಗಿ ಬೇಲಿಗೆ ತಾಗಿದ್ದು ಕೇಳಿಸಿತು.

"ಈಗ ತಿರುಗು," ಎಂದರು ಮಾಸ್ಟ್ರು.

ಸುಕೇಶ ತಿರುಗಿದ. ಎಲ್ಲರೂ ಇದ್ದಲ್ಲೇ ನಿಂತಿದ್ದರು. ಒದ್ದವನು ಮಾತ್ರವಲ್ಲ, ದೂರದ ಗೋಲಿನಲ್ಲಿದ್ದವನೂ ನಿಂತಿದ್ದ. ಎಲ್ಲರ ಮುಖವೂ ಕುರ್ಚಿಯ ಕಡೆಗಿತ್ತು.

"ಮೈದಾನಕ್ಕೆ ಬೆನ್ನು ಹಾಕಿ ಕೂತವನು ಕೂಗಿದ್ದಕ್ಕೆ ಅಷ್ಟೂ ಜನ ನಿಂತ್ರು," ಎಂದರು ಮಾಸ್ಟ್ರು. "ಕೇಳುದಿಲ್ಲ ಅಂತ ಹೇಳಿದ್ದೆಯಲ್ಲ?"



ಮರುದಿನ ಬೆಳಿಗ್ಗೆ ಅವನು ಇರ್ಷಾದನ ಮೊಬೈಲ್ ರಿಪೇರಿ ಅಂಗಡಿಗೆ ಹೋದ. ಅಂಗಿಯನ್ನು ಮೇಜಿನ ಮೇಲೆ ಇಟ್ಟ. ಇರ್ಷಾದ್ ಬಿಚ್ಚಿದ ಫೋನಿನಿಂದ ತಲೆ ಎತ್ತಲಿಲ್ಲ.

"ಪಂದ್ಯಕ್ಕೆ ಬಾ," ಎಂದ ಸುಕೇಶ.

"ಬಂದು?"

"ನಿನಗೆ ಕಂಡ ಹಾಗೆ ಆಡು."

"ನಿಮಗೆ ಅದು ಸರಿ ಕಾಣದಿದ್ರೆ?"

ಸರಿ ಕಾಣುವುದಿಲ್ಲ ಎಂಬುದು ಸುಕೇಶನಿಗೆ ಆಗಲೇ ಗೊತ್ತಿತ್ತು.

"ಕಾಣದಿದ್ರೂ ಕೂಗುದಿಲ್ಲ," ಎಂದ.

ಇರ್ಷಾದ್ ಅಂಗಿ ಎತ್ತಿಕೊಂಡು ಹಿಂದಿನ ಕಪಾಟಿನಲ್ಲಿ ಇಟ್ಟ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಪಂದ್ಯದ ದಿನ ಬಂದ.

ಸುಕೇಶ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಹಸನಬ್ಬ ಮಾಸ್ಟ್ರು. ಆಟ ಶುರುವಾಯಿತು, ತಂಡ ತಬ್ಬಲಿಯಾಯಿತು. ಚೆಂಡು ಕಾಲಿಗೆ ಬಂದವರೆಲ್ಲ ಬೆಂಚಿನ ಕಡೆ ನೋಡುತ್ತಿದ್ದರು. ಹಾಗೆ ನೋಡುತ್ತಿರುವಾಗಲೇ ಎದುರಾಳಿ ಚೆಂಡು ಕಿತ್ತುಕೊಂಡು ಹೋಗಿ ಗೋಲು ಹೊಡೆದ.

ಸುಕೇಶ ಎದ್ದು ನಿಂತ. ಬಾಯಿ ತೆರೆದ. ಮಾಸ್ಟ್ರ ಕಡೆ ನೋಡಿದ. ಅವರು ತಡೆಯಲೂ ಇಲ್ಲ, ತಲೆಯಾಡಿಸಲೂ ಇಲ್ಲ. ಸುಕೇಶ ಬಾಯಿ ಮುಚ್ಚಿ ಕೂತ.

ಅರ್ಧ ಆಟ ಮುಗಿದಾಗ ಎಲ್ಲರೂ ಅವನ ಸುತ್ತ ಬಂದು ನಿಂತರು.

"ಸರ್, ಎಂತ ಮಾಡುದು?" ಎಂದು ಗೋಲು ಕಾಯುವ ಗೋಲಿಯೇ ಕೇಳಿದ.

"ಒಳಗೆ ಇರುವವರು ನೀವು," ಎಂದ ಸುಕೇಶ. "ಎಂತ ಮಾಡುದು ಅಂತ ನೀವೇ ಮಾತಾಡಿ."

ಗೋಲಿ ಇರ್ಷಾದನನ್ನು ಬೈದ. "ನೀನು ಹಿಂದೆ ಬರುದೇ ಇಲ್ಲ ಮಾರಾಯ." ಇರ್ಷಾದ್ ತಿರುಗಿ ಬೈದ. "ಬಾ ಅಂತ ಒಮ್ಮೆ ಆದ್ರೂ ಕರೆದಿದ್ದೀಯಾ?" ನಡುವೆ ಇನ್ನೊಬ್ಬ ಬಾಯಿ ಹಾಕಿದ. ರೆಫ್ರಿ ಸೀಟಿ ಊದಿದಾಗಲೂ ಜಗಳ ಮುಗಿದಿರಲಿಲ್ಲ. ಜಗಳವಾಡುತ್ತಲೇ ಮೈದಾನಕ್ಕೆ ಇಳಿದರು.

ಉಳಿದ ಅರ್ಧದಲ್ಲಿ ಮೈದಾನ ಮೀನು ಮಾರ್ಕೆಟ್ಟಿನ ಹಾಗಿತ್ತು. ಬಿಡು, ಕೊಡು, ಹಿಂದೆ ಉಂಟು, ನಂದು ನಂದು. ಬೆಂಚಿನ ಕಡೆ ಯಾರೂ ನೋಡಲಿಲ್ಲ. ಅದು ಸುಕೇಶನಿಗೆ, ನೋಡುತ್ತಿದ್ದುದಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

ಆಟ ಮುಗಿಯುತ್ತಾ ಬಂದಾಗ ಇರ್ಷಾದನಿಗೆ ಚೆಂಡು ಸಿಕ್ಕಿತು. ಬಲಗಡೆ ಇಡೀ ಬಯಲು ಖಾಲಿ ಇತ್ತು. ಹಗಲು ಬೆಳಕಿನಷ್ಟು ಸ್ಪಷ್ಟ. ಸುಕೇಶನ ಬಲಗಾಲು ಬೆಂಚಿನ ಕೆಳಗೆ ತಾನಾಗಿ ಅಲುಗಿತು.

ಇರ್ಷಾದ್ ಎಡಕ್ಕೆ ತಿರುಗಿದ. ಇಬ್ಬರ ನಡುವೆ ನುಗ್ಗಿದ. ಚೆಂಡು ಕಳೆದುಕೊಂಡ. ಎಡವಿ ಬಿದ್ದು, ಬಿದ್ದಲ್ಲಿಂದಲೇ ಮತ್ತೆ ಕಾಲು ಚಾಚಿ ಚೆಂಡನ್ನು ತಳ್ಳಿದ. ಹಿಂದಿನಿಂದ ಕೂಗುತ್ತಾ ಬಂದವನೊಬ್ಬನ ತೊಡೆಗೆ ತಾಗಿ ಅದು ಗೋಲಿನೊಳಗೆ ಹೋಯಿತು.

ಪಂದ್ಯ ಸಮವಾಯಿತು. ತಂಡ ಡಿವಿಜನ್ನಿನಲ್ಲಿ ಉಳಿಯಲು ಅಷ್ಟೇ ಸಾಕಿತ್ತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮರಳಿನಲ್ಲಿ ಹೊರಳಾಡಿದರು.

ಸುಕೇಶ ಎದ್ದಿರಲಿಲ್ಲ.

"ಎಂತ, ಖುಷಿ ಆಗ್ಲಿಲ್ವಾ?" ಎಂದರು ಮಾಸ್ಟ್ರು.

"ಅದು ಗೋಲಾ ಮಾಸ್ಟ್ರೇ? ಬಲಗಡೆ ಜಾಗ ಇತ್ತು. ಕುರುಡನಿಗೂ ಕಾಣ್ತಿತ್ತು."

"ಇತ್ತು. ನಾನೂ ನೋಡಿದೆ."

"ನಿಮಗೆ ಅರ್ಥ ಆಗ್ಲಿಕ್ಕಿಲ್ಲ," ಎಂದ ಸುಕೇಶ. "ನನಗೆ ಕಲಿಸುವಾಗ ನೀವು ಒಂದು ದಿನವೂ ಗೆರೆಯ ಹತ್ತಿರ ಬಂದು ಕೂಗಿದವರಲ್ಲ. ನಾನು ಸರಿಯಾಗಿ ಆಡ್ತಿದ್ದೆ, ಕೂಗುವ ಅಗತ್ಯ ನಿಮಗೆ ಬರ್ಲಿಲ್ಲ. ನನ್ನ ಅವಸ್ಥೆ ಹಾಗಲ್ಲ. ಇವತ್ತು ಒಂದು ದಿನ ಹಲ್ಲು ಕಚ್ಚಿ ಕೂತದ್ದಕ್ಕೇ ದವಡೆ ನೋಯ್ತಾ ಉಂಟು."

ಹಸನಬ್ಬ ಮಾಸ್ಟ್ರು ಬಾಯಿಯ ಮೂಲೆಗೆ ಬೆರಳು ಹಾಕಿ ಕೆನ್ನೆ ಎಳೆದು ಒಳಗೆ ತೋರಿಸಿದರು. ಹಿಂದಿನ ದವಡೆಯಲ್ಲಿ, ಮೇಲೂ ಕೆಳಗೂ, ಒಂದು ಹಲ್ಲೂ ಇರಲಿಲ್ಲ.

"ಇದೆಲ್ಲ ವಯಸ್ಸಿಗೆ ಹೋದದ್ದು ಅಂತ ಮಾಡಿದ್ದೀಯಾ ಮಾರಾಯ? ಒಂದೊಂದೂ ನಿನ್ನ ಒಂದೊಂದು ತಪ್ಪು ಪಾಸಿಗೆ ಹೋದದ್ದು."